ಜಗಲಿಗೆ ಫೋನು, ರಂಗಸ್ಥಳಕ್ಕೆ ಕ್ಯಾಮೆರಾ

ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೆ ಮಗು ಹುಟ್ಟಿದಾಗ ಸ್ಟಾಫ್ ರೂಮಿನಲ್ಲಿ ನನ್ನ ಹತ್ತಿರ ಬಂದು ಕೇಳಿದರು: "ಅಕ್ಕೋರೇ, ಒಂದು ಕ್ಯಾಮೆರಾ ತಗೊಳ್ಳಲಾ? ಅಥವಾ ಫೋನೇ ಸಾಕಾ?" ನಾನು ಶಿರಸಿ ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಫೋಟೋಗ್ರಾಫರ್ ಏನಲ್ಲ. ಆದರೆ ಊರಲ್ಲಿ ದೊಡ್ಡ ಕ್ಯಾಮೆರಾ ಹಿಡಿದು ಓಡಾಡುವ ಹೆಂಗಸು ನಾನೊಬ್ಬಳೇ, ಹಾಗಾಗಿ ಇಂಥ ಪ್ರಶ್ನೆಗಳೆಲ್ಲ ನನಗೇ ಬರುತ್ತವೆ. ಆಗ ಏನೋ ಒಂದು ಹೇಳಿ ಜಾರಿಕೊಂಡೆ. ಆಮೇಲೆ ನನಗೇ ಕುತೂಹಲ ಹುಟ್ಟಿತು. 2023ರ ಅಡಿಕೆ ಕೊಯ್ಲಿನಿಂದ 2024ರ ಮಳೆ ಹಿಡಿಯುವವರೆಗೆ ಹೋದಲ್ಲೆಲ್ಲ ಎರಡನ್ನೂ ಒಯ್ದೆ.

ನನ್ನ ಕ್ಯಾಮೆರಾ ಕ್ಯಾನನ್ 200ಡಿ. 2018ರಲ್ಲಿ ಎರಡು ಲೆನ್ಸ್ ಸೇರಿ ಐವತ್ತು ಸಾವಿರದ ಹತ್ತಿರ ಬಿತ್ತು. ಮರುವರ್ಷ 50 ಎಂಎಂ 1.8 ಲೆನ್ಸ್ ಬೇರೆ ಕೊಂಡೆ. ಫೋನು 2023ರದ್ದು, ಇಪ್ಪತ್ತಾರು ಸಾವಿರದ್ದು. ಅದರ ಹೆಸರು ಬೇಡ. ಈ ಬೆಲೆಯ ಫೋನುಗಳ ಕ್ಯಾಮೆರಾ ಹೆಚ್ಚುಕಡಿಮೆ ಒಂದೇ ಥರ.

ಮೊದಲು ಜಗಲಿಯ ಕಥೆ. ನಮ್ಮದು ಹಳೆ ಮನೆ. ಮಾಡು ತಗ್ಗು, ಕಿಟಕಿ ಸಣ್ಣದು. ಮಧ್ಯಾಹ್ನ ಒಳಗೆ ಕತ್ತಲು, ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಆಯಿ ಅಡಿಕೆ ಸುಲಿದು ಮೆಟ್ಟುಗತ್ತಿ ಪಕ್ಕಕ್ಕಿಟ್ಟು, ಗೋಡೆಗೆ ಒರಗಿ ಎಲೆ-ಅಡಿಕೆಯ ಕವಳ ಹಾಕುತ್ತಿದ್ದಳು. ಒಂದೇ ಜಾಗದಲ್ಲಿ ನಿಂತು ಎರಡರಲ್ಲೂ ತೆಗೆದೆ. ಕ್ಯಾಮೆರಾದಲ್ಲಿ ಆಯಿ ಸರಿಯಾಗಿ ಕಂಡರೆ ಅಂಗಳ ಪೂರ್ತಿ ಬಿಳಿ. ಅಂಗಳ ಸರಿ ಮಾಡಿದರೆ ಆಯಿ ಇದ್ದಲ್ಲಿ ಬರೀ ಕಪ್ಪು. ಫೋನಿನಲ್ಲಿ ಆಯಿಯೂ ಇದ್ದಾಳೆ, ಅಂಗಳದಲ್ಲಿ ಹರವಿದ ಅಡಿಕೆಯೂ ಇದೆ, ಆಚೆಗಿನ ತೋಟವೂ ಹಸಿರಾಗಿ ಕಾಣುತ್ತದೆ. ಒಂದೇ ಸಲ ಒತ್ತಿದ್ದು ಅಷ್ಟೇ.

ಇದರ ಗುಟ್ಟು ಇಷ್ಟು. ಫೋನು ಒಂದೇ ಫೋಟೋ ತೆಗೆದು ಸುಮ್ಮನಾಗುವುದಿಲ್ಲ. ನಾವು ಒತ್ತುವ ಹೊತ್ತಿಗೆ ಸರಸರನೆ ಹಲವು ತೆಗೆದು, ಒಂದರ ಮೇಲೊಂದು ಕೂರಿಸಿ, ಕತ್ತಲನ್ನು ಎತ್ತಿ ಬೆಳಕನ್ನು ತಗ್ಗಿಸಿ ಒಂದು ಮಾಡಿ ಕೊಡುತ್ತದೆ. ನನ್ನ ಕ್ಯಾಮೆರಾದಲ್ಲಿ ಅದೇ ಫಲಿತಾಂಶ ಬೇಕಾದರೆ ರಾ ಫೈಲಿನಲ್ಲಿ (ಕ್ಯಾಮೆರಾ ಏನೂ ತಿದ್ದದೆ ಹಾಗೇ ಉಳಿಸುವ ಫೈಲು) ತೆಗೆದು, ಕಂಪ್ಯೂಟರ್ ಹಚ್ಚಿ ಕೂರಬೇಕು. ಒಂದು ಫೋಟೋಕ್ಕೆ ಅರ್ಧ ಗಂಟೆ. ಉತ್ತರಪತ್ರಿಕೆ ತಿದ್ದುವ ದಿನಗಳಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ದಿನನಿತ್ಯದ ಫೋಟೋ ಅಂದರೆ ಮುಕ್ಕಾಲು ಪಾಲು ಇಂಥದ್ದೇ ಅಲ್ವಾ? ಮನೆ, ಊಟ, ಬಂದ ನೆಂಟರು, ಅರಳಿದ ಡೇರೆ ಹೂವು. ಇದರಲ್ಲಿ ಫೋನಿಗೇ ಪೂರ್ತಿ ಅಂಕ.

ಆದರೆ ಅದೇ ಫೋಟೋ ಆಯಿಗೆ ತೋರಿಸಿದಾಗ ಕನ್ನಡಕ ಏರಿಸಿ ನೋಡಿ, "ಇದ್ಯಾರೇ ಇದು?" ಅಂದಳು. ತಮಾಷೆಗಲ್ಲ. ಎಪ್ಪತ್ತೊಂದು ವರ್ಷದ ಮುಖದ ಸುಕ್ಕೆಲ್ಲ ಮಾಯ. ಬಣ್ಣವೂ ಒಂದು ಸುತ್ತು ತೆಳುವಾಗಿತ್ತು. ಬ್ಯೂಟಿ ಸೆಟ್ಟಿಂಗ್ ಆಫ್ ಇತ್ತು, ಎರಡು ಸಲ ನೋಡಿದ್ದೇನೆ. ಆದರೂ ಫೋನು ತನ್ನ ಪಾಡಿಗೆ ತಾನು ಒರೆಸಿ ನಯ ಮಾಡಿಬಿಡುತ್ತದೆ. ಸಂಜೆ ಅಂಗಳದ ಮೆತ್ತಗಿನ ಬೆಳಕಿನಲ್ಲಿ ಕ್ಯಾಮೆರಾಕ್ಕೆ 50 ಎಂಎಂ ಹಾಕಿ ಮತ್ತೆ ತೆಗೆದೆ. ಹಣೆಯ ಗೆರೆ, ತುಟಿಯ ಅಂಚಿನ ಕವಳದ ಕೆಂಪು, ಮೂಗುತಿಯ ಪಕ್ಕದ ಸಣ್ಣ ಕಲೆ, ಎಲ್ಲ ಇದ್ದಲ್ಲೇ ಇದ್ದವು.

ಎರಡನ್ನೂ ಪೇಟೆಯ ಸ್ಟುಡಿಯೋದಲ್ಲಿ 12×18 ಇಂಚಿಗೆ ಪ್ರಿಂಟ್ ಹಾಕಿಸಿದೆ. ಫೋನಿಗೆ 50 ಮೆಗಾಪಿಕ್ಸೆಲ್ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿದೆ. ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡುವುದರಿಂದ ಕೈಗೆ ಬರುವುದು ಹನ್ನೆರಡೂವರೆ. ಕ್ಯಾಮೆರಾದ್ದು 24. ಹದಿನೆಂಟು ಇಂಚಿಗೆ ಭಾಗಿಸಿ ನೋಡಿದರೆ ಫೋನಿಗೆ ಇಂಚಿಗೆ 227 ಚುಕ್ಕಿ, ಕ್ಯಾಮೆರಾಕ್ಕೆ 333. ಗೋಡೆಯ ಮೇಲೆ ತೂಗುಹಾಕಲು ಎರಡೂ ಸಾಕು. ಪಿಕ್ಸೆಲ್ಲಿಗೆ ಬರ ಏನಿರಲಿಲ್ಲ. ಆದರೂ ಫೋನಿನ ಪ್ರಿಂಟ್ ಮೇಣದ ಬೊಂಬೆಯ ಹಾಗೆ ಬಂತು. ಈಗ ದೇವರ ಕೋಣೆಯ ಹೊರಗೆ ತೂಗುತ್ತಿರುವುದು ಕ್ಯಾಮೆರಾದ್ದು.

ಬಣ್ಣದ ವಿಷಯಕ್ಕೆ ಇನ್ನೊಂದು ಪ್ರಸಂಗ. ಭಾವ ರಾಶಿ ಅಡಿಕೆಯ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಫೋಟೋ ತೆಗೆದು ವ್ಯಾಪಾರಿಗೆ ವಾಟ್ಸಾಪ್ ಮಾಡಿದ. ಫೋನು ಅದನ್ನು ಎಷ್ಟು ಕೆಂಪು ಮಾಡಿತ್ತೆಂದರೆ ನಮಗೇ ಖುಷಿಯಾಯಿತು. ಅತ್ತಲಿಂದ ಉತ್ತರ: "ಫೋಟೋ ನೋಡಿ ದರ ಹಾಕೂದಿಲ್ಲ, ಮಾಲು ತನ್ನಿ." ಕ್ಯಾಮೆರಾ ಏನು ಹರಿಶ್ಚಂದ್ರ ಅಂತಲ್ಲ. ಹಳದಿ ಬಲ್ಬಿನ ಕೆಳಗೆ ಆಟೋದಲ್ಲಿ ಬಿಟ್ಟರೆ ಅದೂ ಕಿತ್ತಳೆ ಬಣ್ಣ ಹಚ್ಚುತ್ತದೆ. ಆದರೆ ಭಾವನ ಬಿಳಿ ಪಂಚೆಯ ಫೋಟೋ ತೆಗೆದು, ಇದೇ ಬಿಳಿ ಅಂತ ಕ್ಯಾಮೆರಾಕ್ಕೆ ಹೇಳಿಕೊಡಬಹುದು. ಹೇಳಿದ ಮೇಲೆ ಕೇಳುತ್ತದೆ.

ಈಗ ರಂಗಸ್ಥಳ. ಜನವರಿಯಲ್ಲಿ ನಮ್ಮೂರಲ್ಲಿ ಯಕ್ಷಗಾನ ಬಯಲಾಟ ಇತ್ತು. ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತಿದ್ದೆ. ರಾತ್ರಿ ಹನ್ನೊಂದು ದಾಟಿತ್ತು. ಚಂಡೆ ಏರಿ, ವೇಷಧಾರಿ ಮಂಡಿ ಹಾಕಿ ತಿರುಗತೊಡಗಿದರು. ಫೋನಿನಲ್ಲಿ ತೆಗೆದ ಹತ್ತರಲ್ಲಿ ಹತ್ತೂ ಹಾಳು. ಮುಖ ಒರೆಸಿದ ಹಾಗೆ, ಕೈ ನಾಲ್ಕು. ಹಲವು ಫೋಟೋ ಸೇರಿಸಿ ಒಂದು ಮಾಡುವ ಉಪಾಯ ಇಲ್ಲಿ ತಿರುಗುಬಾಣ. ಎದುರಿಗಿದ್ದವರು ಕದಲದಿದ್ದರೆ ಮಾತ್ರ ಅದು ನಡೆಯುತ್ತದೆ. ಕ್ಯಾಮೆರಾದಲ್ಲಿ ಐಎಸ್‌ಒ 3200 (ಕಡಿಮೆ ಬೆಳಕಿಗೆ ಕ್ಯಾಮೆರಾವನ್ನು ಚುರುಕು ಮಾಡುವ ಅಂಕಿ), ಶಟರ್ ಸೆಕೆಂಡಿನ 250ನೇ ಒಂದು ಭಾಗ, ಲೆನ್ಸ್ ಪೂರ್ತಿ ತೆರೆದು 1.8. ಹತ್ತರಲ್ಲಿ ಮೂರು ಚೆನ್ನಾಗಿ ಬಂದವು. ಒಂದರಲ್ಲಂತೂ ಹಾರಿದ ಗೆಜ್ಜೆ ಕೂಡ ನಿಂತಿದೆ. ಕಾಳು ಕಾಳಾಗಿ ಸ್ವಲ್ಪ ಒರಟು ಇದೆ, ಇರಲಿ. ಈ ಕ್ಯಾಮೆರಾದ ವ್ಯೂಫೈಂಡರಿನಲ್ಲಿ ಫೋಕಸ್ ಹಿಡಿಯುವ ಚುಕ್ಕಿ ಒಂಬತ್ತೇ. ನಾನು ನಡುವಿನದ್ದನ್ನು ಮಾತ್ರ ನಂಬುತ್ತೇನೆ.

ಫೋನಿನ ಲೆನ್ಸಿಗೂ 1.8ರ ಆಸುಪಾಸಿನ ಅಂಕಿಯೇ ಇದೆಯಲ್ಲ, ಮತ್ತೆ ಇಷ್ಟು ವ್ಯತ್ಯಾಸ ಹೇಗೆ? ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಇದನ್ನೇ ಕೇಳಿದ. ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದೆ. ಆ ಅಂಕಿ ಭಾಜಕ. ಲೆನ್ಸಿನ ಫೋಕಲ್ ಲೆಂತ್, ಅಂದರೆ ಲೆನ್ಸಿನಿಂದ ಫೋಕಸ್ ಕೂಡುವ ಜಾಗಕ್ಕಿರುವ ದೂರ, 50 ಮಿಲಿಮೀಟರ್. ಅದನ್ನು 1.8ರಿಂದ ಭಾಗಿಸಿದರೆ ಬೆಳಕು ನುಗ್ಗುವ ಕಿಂಡಿ ಸುಮಾರು 28 ಮಿ.ಮೀ. ಅಗಲ. ಫೋನಿನ ಲೆನ್ಸಿನ ನಿಜವಾದ ಫೋಕಲ್ ಲೆಂತ್ ಐದೂವರೆ ಮಿ.ಮೀ. ಹತ್ತಿರ. ಭಾಗಿಸಿದರೆ ಕಿಂಡಿ ಮೂರೇ ಮಿ.ಮೀ. ಇನ್ನು ಸೆನ್ಸರ್, ಅಂದರೆ ಬೆಳಕು ಬಿದ್ದು ಚಿತ್ರ ಮೂಡುವ ಫಲಕ. ಕ್ಯಾಮೆರಾದ್ದು 22.3×14.9 ಮಿ.ಮೀ., ಫೋನಿನದು ಸುಮಾರು 8×6. ವಿಸ್ತೀರ್ಣ ಆರೇಳು ಪಟ್ಟು. ಹುಡುಗ ತಾನೇ ಗುಣಿಸಿ ನೋಡಿ, "ಬೋಗುಣಿಗೂ ಚಮಚಕ್ಕೂ ಇರೋವಷ್ಟು" ಅಂದ. ಅಂಕ ಕೊಟ್ಟೆ.

ದೂರದ್ದಕ್ಕೂ ಹಾಗೇ. ತೋಟದಾಚೆಯ ಆಲದ ಮರಕ್ಕೆ ಮಂಗಟ್ಟೆ ಹಕ್ಕಿ ಬರುತ್ತದೆ. 250 ಎಂಎಂ ಲೆನ್ಸಿನಲ್ಲಿ ಕೊಕ್ಕಿನ ಬಾಗು ಕಾಣುತ್ತದೆ. ಫೋನಿನ ಹತ್ತುಪಟ್ಟು ಜೂಮಿನಲ್ಲಿ ಒದ್ದೆ ಕಾಗದದ ಮೇಲೆ ಬರೆದ ಚಿತ್ರದ ಹಾಗೆ. ಫೋನಿನ ಹಿಂದಿರುವ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಲೆನ್ಸಂತೂ (ತೀರ ಹತ್ತಿರದ ಸಣ್ಣ ವಸ್ತುಗಳಿಗೆಂದು ಇರುವುದು) ಲೆಕ್ಕ ತುಂಬಿಸಲು ಇಟ್ಟದ್ದು.

ಮಾರಿಕಾಂಬಾ ಜಾತ್ರೆಯಲ್ಲಿ ಮಾತ್ರ ಕ್ಯಾಮೆರಾ ಒಯ್ದು ಪಶ್ಚಾತ್ತಾಪ ಪಟ್ಟೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. 2024ರ ಮಾರ್ಚಿನ ಬಿಸಿಲು. ರಥ ಬಿಡ್ಕಿಬೈಲಿಗೆ ಹೊರಟ ದಿನ ಕಾಲಿಡಲು ಜಾಗವಿಲ್ಲ. ಕುತ್ತಿಗೆಯಲ್ಲಿ ಮುಕ್ಕಾಲು ಕೇಜಿ ಜೋತಾಡುತ್ತಿದೆ, ಲೆನ್ಸಿಗೆ ಯಾರದೋ ಮೊಣಕೈ ತಾಗುತ್ತಿದೆ. ಕಡೆಗೆ ಕ್ಯಾಮೆರಾ ಬ್ಯಾಗಿಗೆ ಸೇರಿತು. ಒಂದೇ ಕೈಯಲ್ಲಿ ಫೋನು ಎತ್ತಿ ತೆಗೆದ ಫೋಟೋಗಳೇ ಉಳಿದವು, ಅವು ಚೆನ್ನಾಗಿಯೂ ಇವೆ. ಇನ್ನೊಂದು ಕಷ್ಟ, ಮದುವೆ ಮನೆಗೆ ಕ್ಯಾಮೆರಾ ಒಯ್ದರೆ ನೀವು ನೆಂಟರಾಗಿ ಉಳಿಯುವುದಿಲ್ಲ. ಸಂಬಳವಿಲ್ಲದ ಫೋಟೋಗ್ರಾಫರ್ ಆಗುತ್ತೀರಿ. "ಪೆನ್‌ಡ್ರೈವಿಗೆ ಹಾಕಿ ಕೊಡೇ" ಅನ್ನುವ ಫೋನ್ ಆರು ತಿಂಗಳು ಬರುತ್ತದೆ.

ಇನ್ನು ನಮ್ಮ ಕಡೆಯವರು ಕ್ಯಾಮೆರಾ ಕೊಳ್ಳುವ ಮೊದಲು ತಿಳಿದಿರಬೇಕಾದ್ದು ಬೂಷ್ಟು. 2020ರ ಮಳೆಗಾಲದಲ್ಲಿ ಶಾಲೆ ಇಲ್ಲ, ಎಲ್ಲಿಗೂ ಹೋಗುವಂತಿಲ್ಲ. ಬ್ಯಾಗಿನ ಸಮೇತ ಕಪಾಟಿನಲ್ಲಿಟ್ಟೆ. ದಸರೆಗೆ ತೆಗೆದರೆ 18-55 ಲೆನ್ಸಿನ ಒಳಗೆ ಜೇಡರ ಬಲೆಯಂಥ ಎಳೆಗಳು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ 1,800 ಕೊಟ್ಟು ತೊಳೆಸಿದೆ. ಬೂಷ್ಟು ಹೋಯಿತು, ಬದಲಿಗೆ ಒಳಗೆ ಒಂದು ಕೂದಲು ಬಂತು. ಅದು ಇನ್ನೂ ಇದೆ. ಅಂದಿನಿಂದ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ತೋರಿಸುವ ಸಣ್ಣ ಮೀಟರು, ಒಂದು ಹಿಡಿ ಸಿಲಿಕಾ ಜೆಲ್. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಬೇಕು. ಆಷಾಢದಲ್ಲಿ ಎರಡೇ ವಾರಕ್ಕೆ ಜೆಲ್ ತೇವ ಕುಡಿದು ಬಣ್ಣ ಬದಲಿಸುತ್ತದೆ. ಬಿಸಿಲಿಗಿಡೋಣ ಅಂದರೆ ಬಿಸಿಲೆಲ್ಲಿ? ಅಡುಗೆಗೆ ಬಳಸದೆ ಬಿಟ್ಟ ಹಳೆ ಬಾಣಲೆಯಲ್ಲಿ ಹುರಿಯುತ್ತೇನೆ. ಫೋನಿಗೆ ಇಂಥ ಸೇವೆ ಏನೂ ಬೇಡ. ಕಿಸೆಯಲ್ಲೇ ಮಳೆಗಾಲ ಕಳೆಯುತ್ತದೆ.

ಆರು ತಿಂಗಳಲ್ಲಿ ತೆಗೆದ ಫೋಟೋ, ಫೋನಿನಲ್ಲಿ ಎರಡು ಸಾವಿರ ಚಿಲ್ಲರೆ, ಕ್ಯಾಮೆರಾದಲ್ಲಿ 380. ಪ್ರಿಂಟ್ ಹಾಕಿಸಿದ್ದು ಒಟ್ಟು ಹನ್ನೊಂದು. ಅದರಲ್ಲಿ ಎಂಟು ಕ್ಯಾಮೆರಾದ್ದು. ಹೊಸದು ಕೊಳ್ಳಲು ಐವತ್ತು ಸಾವಿರ ಕೊಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ಓಡುವ ಮಗುವೋ, ಬಯಲಾಟದ ಹುಚ್ಚೋ, ಹಕ್ಕಿಯ ಹುಚ್ಚೋ ಇದ್ದರೆ ಬಳಸಿದ ಕ್ಯಾಮೆರಾ ಹುಡುಕಿ, ಜೊತೆಗೆ 50 ಎಂಎಂ ಲೆನ್ಸ್ ಒಂದು. ಕೊಳ್ಳುವ ಮೊದಲು ಲೆನ್ಸನ್ನು ಬೆಳಕಿಗೆ ಹಿಡಿದು ಬೂಷ್ಟಿನ ಎಳೆ ಇದೆಯಾ ನೋಡಿ.

ಡ್ರಾಯಿಂಗ್ ಮೇಷ್ಟ್ರು ಜೂನಿನಲ್ಲಿ ಮತ್ತೆ ಕೇಳಿದರು. ಮಗು ಈಗ ಅಂಬೆಗಾಲಿಡುತ್ತಿದೆಯಂತೆ, ಫೋನಿನಲ್ಲಿ ಒಂದೂ ನೆಟ್ಟಗೆ ಬರುತ್ತಿಲ್ಲವಂತೆ. ದುಡ್ಡು ಹಾಕುವ ಮೊದಲು ಹದಿನೈದು ದಿನ ನನ್ನದನ್ನೇ ಒಯ್ದು ನೋಡಿ ಅಂದೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಕ್ಯಾಮೆರಾವನ್ನು ಡಬ್ಬಿಯ ಸಮೇತ ಕೊಟ್ಟೆ. "ಅಕ್ಕೋರೇ, ಈ ಕಾಳು ಏನು?" ಅಂದರು. ಹುರಿಯುವುದು ಹೇಗೆ ಅಂತ ಹೇಳಿಕೊಟ್ಟು ಕಳಿಸಿದೆ.