ಅರೆತಲೆನೋವಿಗೆ ಅಕ್ಯುಪಂಕ್ಚರ್: ವರ್ಷ ದಾಟಿದ ಮೇಲೆ ನನ್ನ ಅನುಭವ

ವಾಸಿಯಾಯಿತೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಇಲ್ಲ, ವಾಸಿಯಾಗಿಲ್ಲ. ಆದರೆ ತಿಂಗಳಲ್ಲಿ ನೋವು ಕಾಡುವ ದಿನಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿವೆ. ಬಂದ ನೋವೂ ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ. ಅಕ್ಯುಪಂಕ್ಚರ್, ಅಂದರೆ ಮೈಯ ಗೊತ್ತಾದ ಬಿಂದುಗಳಿಗೆ ತೆಳು ಸೂಜಿ ಚುಚ್ಚುವ ಚೀನೀ ಚಿಕಿತ್ಸೆ, ಶುರು ಮಾಡಿ ವರ್ಷ ದಾಟಿದೆ. ಕೊಟ್ಟ ದುಡ್ಡಿಗೂ ಸಮಯಕ್ಕೂ ನನಗೆ ಬೇಸರವಿಲ್ಲ. ಹಾಗೆಂದು ತಲೆನೋವಿದ್ದವರೆಲ್ಲ ನಾಳೆಯೇ ಹೋಗಿ ಎಂದೂ ಹೇಳಲಾರೆ.

ನಾನು ಮೈಸೂರಿನಲ್ಲಿ ಹೈಸ್ಕೂಲು ಶಿಕ್ಷಕಿ. ಅರೆತಲೆನೋವು ಕಾಲೇಜಿನ ದಿನಗಳಿಂದ ಇದೆ. ಎಡ ಕಣತಲೆಯಲ್ಲಿ ಶುರುವಾಗಿ ಕಣ್ಣಿನ ಹಿಂದಕ್ಕೆ ಇಳಿಯುತ್ತದೆ, ಆಮೇಲೆ ವಾಕರಿಕೆ, ಬೆಳಕು ಕಂಡರೆ ಆಗುವುದಿಲ್ಲ. ಏಕಾದಶಿ ಉಪವಾಸ, ಊದುಬತ್ತಿಯ ಹೊಗೆ, ಬಿಸಿಲಲ್ಲಿ ನಿಂತು ಮಾಡಿಸುವ ಪ್ರಾರ್ಥನೆ, ತಿಂಗಳ ಮುಟ್ಟು, ಯಾವುದಾದರೂ ಒಂದು ಸಾಕು. ಇದನ್ನು ಅನುಭವಿಸದವರು "ಒಂದು ಕಾಫಿ ಕುಡಿರಿ, ಹೋಗುತ್ತೆ" ಅನ್ನುತ್ತಾರೆ. ಅನುಭವಿಸಿದವರಿಗೆ ಕತ್ತಲೆ ಕೋಣೆಯಲ್ಲಿ ಕಳೆದ ಮಧ್ಯಾಹ್ನಗಳು ಗೊತ್ತಿರುತ್ತವೆ.

ಸೂಜಿ ಚಿಕಿತ್ಸೆಗೆ ಹೋದದ್ದು ಔಷಧದ ಮೇಲೆ ನಂಬಿಕೆ ಹೋಗಿ ಅಲ್ಲ. ನೋವು ಬಾರದಂತೆ ತಡೆಯಲು ಸಾಮಾನ್ಯವಾಗಿ ಕೊಡುವ ಪ್ರೊಪ್ರನೊಲಾಲ್ ಮಾತ್ರೆ ಉಬ್ಬಸ ಇರುವವರಿಗೆ ಆಗುವುದಿಲ್ಲ, ನನಗೆ ಚಿಕ್ಕಂದಿನಿಂದ ಉಬ್ಬಸವಿದೆ. ನೋವು ತಡೆಯುವ ಇನ್ನೊಂದು ಮಾತ್ರೆ ಟೋಪಿರಮೇಟ್ ತೆಗೆದುಕೊಳ್ಳುತ್ತಿದ್ದಾಗ ಬೆರಳ ತುದಿಗಳು ಜುಮುಜುಮು ಅನ್ನುತ್ತಿದ್ದವು. ಅದನ್ನಾದರೂ ಸಹಿಸಬಹುದು. ಪಾಠ ಮಾಡುತ್ತಿರುವಾಗ ನಾಲಿಗೆಯ ತುದಿಗೆ ಬಂದ ಪದ ಸಿಗದೆ ಮಕ್ಕಳ ಮುಂದೆ ಸುಮ್ಮನೆ ನಿಲ್ಲುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಅದು ಆ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮ ಎಂದು ನರರೋಗ ತಜ್ಞರೇ ಹೇಳಿ ನಿಲ್ಲಿಸಿದರು. ಕೊನೆಗೆ ಉಳಿದದ್ದು ನೋವು ತಡೆಯಲೆಂದು ರಾತ್ರಿಗೊಂದು ಕಡಿಮೆ ಶಕ್ತಿಯ ಅಮಿಟ್ರಿಪ್ಟಿಲಿನ್ ಮಾತ್ರೆ, ಮತ್ತು ನೋವು ಬಂದಾಗಲೆಲ್ಲ ನುಂಗುವ ನೋವಿನ ಮಾತ್ರೆ. ಆ ಎರಡನೆಯದು ಹೆಚ್ಚುತ್ತಾ ಹೋಗಿತ್ತು. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಅರೆತಲೆನೋವಿಗೆಂದೇ ಇರುವ ಟ್ರಿಪ್ಟಾನ್ ಜಾತಿಯದನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಬರಬಹುದು. ಈ ಮಾತು ಎಷ್ಟೋ ಜನರಿಗೆ ಗೊತ್ತಿಲ್ಲ, ದಯವಿಟ್ಟು ಗಮನದಲ್ಲಿಡಿ.

"ಅಕ್ಯುಪಂಕ್ಚರ್ ಒಂದ್ಸಲ ನೋಡ್ತೀರಾ ಮೇಡಂ? ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿಯಲ್ಲೇ ಇದೆ" ಎಂದು ಆ ತಜ್ಞರೇ ಕೇಳಿದರು. ಮನೆಗೆ ಬಂದು ಹುಡುಕಿದೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಅಲ್ಲಿನ ನೈಸ್ (NICE) ಸಂಸ್ಥೆ 2012ರಲ್ಲಿ ಹೊರಡಿಸಿದ ತಲೆನೋವಿನ ಮಾರ್ಗಸೂಚಿಯಲ್ಲಿ, ಟೋಪಿರಮೇಟ್ ಮತ್ತು ಪ್ರೊಪ್ರನೊಲಾಲ್ ಎರಡೂ ಒಗ್ಗದವರಿಗೆ ಐದರಿಂದ ಎಂಟು ವಾರಗಳಲ್ಲಿ ಹತ್ತು ಸಲದವರೆಗೆ ಅಕ್ಯುಪಂಕ್ಚರ್ ಕೊಡುವುದನ್ನು ಪರಿಗಣಿಸಿ ಎಂದಿತ್ತು. ನನ್ನ ಪರಿಸ್ಥಿತಿ ಅಕ್ಷರಶಃ ಅದೇ.

ನಮ್ಮ ಅತ್ತೆಗೆ ಇದು ಸರಿಬರಲಿಲ್ಲ. "ಚೀನಾದವರ ವಿದ್ಯೆ ನಮಗ್ಯಾಕಮ್ಮ, ಆಯುರ್ವೇದ ಇಲ್ವಾ?" ಅಂದರು. ಅವರಿಗೆ ಕೋಟ್ನೀಸ್ ಹೆಸರು ಗೊತ್ತಿತ್ತು. 1938ರಲ್ಲಿ ಚೀನಾದ ಯುದ್ಧದ ಗಾಯಾಳುಗಳಿಗೆ ಶುಶ್ರೂಷೆ ಮಾಡಲು ಹೋದ ನಮ್ಮ ವೈದ್ಯರ ತಂಡದಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸರ ಜೊತೆ ಬಂಗಾಳದ ಬಿ.ಕೆ. ಬಸು ಎಂಬುವರೂ ಇದ್ದರು. ಕೋಟ್ನೀಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಬಂದು ಕಲ್ಕತ್ತೆಯಲ್ಲಿ ಆರಂಭಿಸಿದರು. ಈ ಕಥೆ ಹೇಳಿದ ಮೇಲೆ ಅತ್ತೆಯ ಆಕ್ಷೇಪ ಕಡಿಮೆಯಾಯಿತು. ಆಮೇಲೆ ಎಷ್ಟೋ ಸಲ ನನ್ನ ಜೊತೆ ಅವರೇ ಬಂದಿದ್ದಾರೆ.

ನಾನು ಮೊದಲು ವಿಚಾರಿಸಿದ ಒಂದು ಕೇಂದ್ರದಲ್ಲಿ ಸಕ್ಕರೆ ಕಾಯಿಲೆಯಿಂದ ಬಂಜೆತನದವರೆಗೆ ಎಲ್ಲವನ್ನೂ ಗುಣಪಡಿಸುವುದಾಗಿ ಬೋರ್ಡು ಹಾಕಿದ್ದರು. ಒಳಗಿದ್ದವರು ನನ್ನ ಚೀಟಿಗಳನ್ನು ಬಿಡಿಸಿಯೂ ನೋಡದೆ "ಇವತ್ತಿಂದ ಎಲ್ಲಾ ಮಾತ್ರೆ ಬಿಟ್ಬಿಡಿ" ಅಂದರು. ಉಬ್ಬಸದ ಇನ್ಹೇಲರ್ ಕೂಡ! ನಾನು ಎದ್ದು ಬಂದೆ. ಮಾತ್ರೆ ಬಿಡಿಸುವ ಮಾತನ್ನು ಮೊದಲ ದಿನವೇ ಆಡುವವರ ಬಳಿ ಯಾರೂ ಕೂರಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಈಗ ನೋಡುತ್ತಿರುವವರು ಬಿಎನ್‌ವೈಎಸ್ ಓದಿದ ವೈದ್ಯೆ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಈ ಪದವಿ ಐದೂವರೆ ವರ್ಷದ್ದು, ಅದರಲ್ಲಿ ಅಕ್ಯುಪಂಕ್ಚರ್ ಕೂಡ ಪಾಠದ ಭಾಗ. ಉಜಿರೆಯ ಎಸ್‌ಡಿಎಂ ಕಾಲೇಜು 1989ರಿಂದ ಈ ಪದವಿ ಕೊಡುತ್ತಿದೆ, ಹಾಗಾಗಿ ನಮ್ಮ ರಾಜ್ಯದಲ್ಲಿ ಓದಿ ಬಂದವರು ಸಿಗುವುದು ಕಷ್ಟವಲ್ಲ. ಮೊದಲ ಭೇಟಿಯಲ್ಲಿ ಅವರು ಸೂಜಿಯನ್ನೇ ಮುಟ್ಟಲಿಲ್ಲ. ನಿದ್ದೆ, ಮುಟ್ಟು, ಹಳೆಯ ಸ್ಕ್ಯಾನ್ ರಿಪೋರ್ಟು, ರಕ್ತ ತೆಳುವಾಗುವ ಮಾತ್ರೆ ಏನಾದರೂ ಇದೆಯೇ, ಗರ್ಭಿಣಿಯೇ ಎಂದೆಲ್ಲ ಕೇಳಿ ಬರೆದುಕೊಂಡರು. ಕೈಯ ಒಂದು ಬಿಂದುವನ್ನು ಗರ್ಭಿಣಿಯರಿಗೆ ಚುಚ್ಚುವ ಪದ್ಧತಿಯಿಲ್ಲವಂತೆ.

ಸೂಜಿಯ ಭಯ ಇರುವವರಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದು ಇಂಜೆಕ್ಷನ್ ಸೂಜಿಯಲ್ಲ. ಒಳಗೆ ಟೊಳ್ಳಿಲ್ಲದ, ಕಾಲು ಮಿಲಿಮೀಟರ್ ದಪ್ಪದ ಉಕ್ಕಿನ ಎಳೆ. ಸಣ್ಣ ಪ್ಲಾಸ್ಟಿಕ್ ನಳಿಗೆಯಲ್ಲಿಟ್ಟು ಬೆರಳಿನಿಂದ ಒಮ್ಮೆ ತಟ್ಟುತ್ತಾರೆ, ಅಷ್ಟೆ. ನನಗೆ ಚುಚ್ಚುವ ಜಾಗಗಳು ಇವು: ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸಲ ಭಾಗ (ಚೀನೀ ಹೆಸರು ಹೆಗು), ಕತ್ತಿನ ಹಿಂದೆ ತಲೆಬುರುಡೆಯ ಕೆಳಗಿನ ಎರಡು ಗುಳಿಗಳು, ಕಣತಲೆ, ನೆತ್ತಿ, ಮತ್ತು ಪಾದದ ಮೇಲೆ ಹೆಬ್ಬೆರಳ ಪಕ್ಕ. ನೆತ್ತಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಕೈಯಲ್ಲಿ ಮಾತ್ರ ಸೂಜಿ ಒಳಗೆ ಹೋಗಿ ಒಂದು ಆಳ ಮುಟ್ಟಿದಾಗ ಭಾರವಾದ, ಜೋಮು ಹಿಡಿದಂಥ ಸೆಳೆತ ಮೊಣಕೈವರೆಗೆ ಓಡುತ್ತದೆ. ಮೊದಲ ಸಲ ನಾನು ಬೆಚ್ಚಿಬಿದ್ದೆ. "ಅದು ಬರಬೇಕು, ಅದನ್ನೇ ನಾವು ದೆ ಚಿ ಅನ್ನೋದು" ಅಂದರು ವೈದ್ಯೆ. ಆಮೇಲೆ ದೀಪ ಆರಿಸಿ ಸುಮಾರು ಅರ್ಧ ಗಂಟೆ ಮಲಗಿಸುತ್ತಾರೆ. ಮನೆ, ಶಾಲೆ, ಅಡುಗೆ ಎಂದು ಓಡುವ ಹೆಂಗಸಿಗೆ ಯಾರೂ ಕರೆಯದ ಅರ್ಧ ಗಂಟೆ! ಚಿಕಿತ್ಸೆಯಲ್ಲಿ ಇದರ ಪಾಲೆಷ್ಟು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿದೆ.

ಆರಂಭದ ವಾರಗಳಲ್ಲಿ ವಾರಕ್ಕೆ ಎರಡು ಸಲ ಹೋಗುತ್ತಿದ್ದೆ, ಏನೂ ಬದಲಾಗಲಿಲ್ಲ. ಚಿಕಿತ್ಸೆ ಮುಗಿಸಿದ ದಿನ ಮೈ ಸೋತಂತಾಗಿ ಗಾಢ ನಿದ್ದೆ ಬರುತ್ತಿತ್ತು, ಅಷ್ಟೇ ಲಾಭ. ಕತ್ತಿನ ಹತ್ತಿರ ಒಂದೆರಡು ಸಲ ನೀಲಿಗಟ್ಟಿತು. ಬದಲಾವಣೆ ಕಂಡದ್ದು ಎರಡನೇ ತಿಂಗಳಲ್ಲಿ, ಅದೂ ಕ್ಯಾಲೆಂಡರಿನಿಂದ. ಅಡುಗೆಮನೆಯ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಕೆಂಪು ಶಾಯಿ, ಮಾತ್ರೆ ನುಂಗಿದ ದಿನಕ್ಕೆ ನೀಲಿ ಶಾಯಿ ಹಚ್ಚುವ ಅಭ್ಯಾಸವನ್ನು ತಜ್ಞರು ಮೊದಲೇ ಮಾಡಿಸಿದ್ದರು. ಹಿಂದಿನ ಹಾಳೆ ತಿರುಗಿಸಿ ಹೋಲಿಸಿದಾಗ ಈ ತಿಂಗಳ ಕೆಂಪು ತೆಳುವಾಗಿತ್ತು. ನೀಲಿ ಇನ್ನೂ ತೆಳುವಾಗಿತ್ತು. ನೆನಪಿನ ಮೇಲೆ ಮಾತ್ರ ಬಿಟ್ಟಿದ್ದರೆ "ಯಾಕೋ ಪರವಾಗಿಲ್ಲ ಅನ್ಸುತ್ತೆ" ಎನ್ನುವುದಕ್ಕಿಂತ ಹೆಚ್ಚೇನೂ ಹೇಳಲಾಗುತ್ತಿರಲಿಲ್ಲ.

ಆದರೆ ಇದು ಸೂಜಿಯ ಕೆಲಸವೇ, ನಂಬಿಕೆಯ ಕೆಲಸವೇ? ಇದರ ಬಗ್ಗೆ ದೊಡ್ಡ ಪ್ರಯೋಗಗಳು ಜರ್ಮನಿಯಲ್ಲಿ ನಡೆದಿವೆ. ಸರಿಯಾದ ಬಿಂದುಗಳಿಗೆ ಚುಚ್ಚಿದವರ ಪಕ್ಕದಲ್ಲಿ, ಬಿಂದುವಲ್ಲದ ಕಡೆ ಆಳಕ್ಕಿಳಿಸದೆ ತೋರಿಕೆಗೆ ಚುಚ್ಚಿದ ಇನ್ನೊಂದು ಗುಂಪನ್ನು ಇಟ್ಟು ಹೋಲಿಸಿದ್ದಾರೆ. ಇವೂ ಸೇರಿದಂತೆ ಅರೆತಲೆನೋವಿನ 22 ಪ್ರಯೋಗಗಳನ್ನು ಒಟ್ಟುಗೂಡಿಸಿದ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆಯ ಪ್ರಕಾರ, ಚಿಕಿತ್ಸೆ ಪಡೆದ ನೂರು ಜನರಲ್ಲಿ 41 ಮಂದಿಗೆ ತಲೆನೋವು ಅರ್ಧದಷ್ಟಾದರೂ ಇಳಿಯಿತು, ಪಡೆಯದವರಲ್ಲಿ 17 ಮಂದಿಗೆ. ಇದು ದೊಡ್ಡ ಅಂತರ. ಆದರೆ ತೋರಿಕೆಯ ಸೂಜಿಯ ಜೊತೆ ಹೋಲಿಸಿದ ಪ್ರಯೋಗಗಳಲ್ಲಿ ನಿಜವಾದ ಸೂಜಿಯವರಲ್ಲಿ ನೂರಕ್ಕೆ 50, ತೋರಿಕೆಯವರಲ್ಲಿ 41. ಇಲ್ಲಿ ಅಂತರ ಸಣ್ಣದು. ಅಂದರೆ ಸೂಜಿ ಎಲ್ಲಿ ಚುಚ್ಚಿದರು ಎನ್ನುವುದಕ್ಕೆ ಸ್ವಲ್ಪ ಬೆಲೆ ಇದೆ, ಉಳಿದ ದೊಡ್ಡ ಪಾಲು ವಿಶ್ರಾಂತಿ, ನಿರೀಕ್ಷೆ, ಗಮನವಿಟ್ಟು ಕೇಳಿಸಿಕೊಳ್ಳುವ ವೈದ್ಯೆ ಇವುಗಳದ್ದಿರಬಹುದು. ಇದನ್ನು ಓದಿ ನನ್ನ ತಂಗಿ "ಹಾಗಾದ್ರೆ ಮನೇಲೇ ಮಲಕ್ಕೋ ಅಕ್ಕ" ಅಂದಳು. ಮನೆಯಲ್ಲಿ ಮಲಗಿ ನನಗೆ ಇಷ್ಟು ವರ್ಷ ಕಡಿಮೆಯಾಗಲಿಲ್ಲ. ಕಡಿಮೆಯಾದ ನೋವು ಯಾವ ಲೆಕ್ಕಕ್ಕೆ ಸೇರಿದರೂ ನನ್ನ ಪಾಲಿಗೆ ನಿಜ. ಹಾಗೆಂದೇ ಮೆರಿಡಿಯನ್ ಎಂಬ ದಾರಿಗಳು, ಅವುಗಳಲ್ಲಿ ಪ್ರಾಣಶಕ್ತಿಯ ಹರಿವು ಎಂದೆಲ್ಲ ವೈದ್ಯೆ ವಿವರಿಸುವಾಗ ಗೌರವದಿಂದ ಕೇಳುತ್ತೇನೆ, ಆದರೆ ನನ್ನ ಭರವಸೆ ನಿಂತಿರುವುದು ಕ್ಯಾಲೆಂಡರಿನ ಮೇಲೆ.

ಪ್ರಯೋಜನವಾಗದ ಕಡೆಯನ್ನೂ ಹೇಳಬೇಕು. ನೋವು ಏರಿದ ಮೇಲೆ ಹೋಗಿ ಚುಚ್ಚಿಸಿಕೊಂಡರೆ ನನಗೆ ಏನೂ ಆಗುವುದಿಲ್ಲ, ಆಟೋದ ಕುಲುಕಾಟಕ್ಕೆ ವಾಂತಿಯೇ ಆದದ್ದುಂಟು. ಮುಟ್ಟಿನ ಹಿಂದುಮುಂದಿನ ನೋವು ಮೊದಲಿನಂತೆಯೇ ಇದೆ. ಎರಡು ತಿಂಗಳು ಬಿಟ್ಟರೆ ಕೆಂಪು ಶಾಯಿ ಮತ್ತೆ ಹೆಚ್ಚುತ್ತದೆ.

ಖರ್ಚು: ನಾನು ಹೋಗುವ ಕಡೆ ಒಂದು ಸಲಕ್ಕೆ ಐನೂರು ರೂಪಾಯಿ. ನನ್ನ ವಿಮೆಯಿಂದ ಒಂದು ಪೈಸೆಯೂ ಸಿಗುವುದಿಲ್ಲ, ಆರಂಭದ ತಿಂಗಳುಗಳಲ್ಲಿ ಜೇಬಿಗೆ ಭಾರವಾಯಿತು. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ, ಬಳಸಿದ್ದನ್ನು ಎಲ್ಲಿ ಹಾಕುತ್ತಾರೆ ನೋಡಿ. ಎದೆ, ಬೆನ್ನಿನ ಮೇಲ್ಭಾಗದಲ್ಲಿ ಆಳಕ್ಕೆ ಚುಚ್ಚಿದರೆ ಅಪರೂಪಕ್ಕೆ ಶ್ವಾಸಕೋಶಕ್ಕೆ ತೂತಾಗುವ ಅಪಾಯವಿದೆ, ಹಾಗಾಗಿ ಕೈಪಳಗಿದವರೇ ಬೇಕು. ಪೇಸ್‌ಮೇಕರ್ ಇರುವವರು ಸೂಜಿಗೆ ಕರೆಂಟು ಕೊಡುವ ವಿಧಾನಕ್ಕೆ ಒಪ್ಪಬೇಡಿ. ತಲೆನೋವು ಇದ್ದಕ್ಕಿದ್ದಂತೆ ಹಿಂದೆಂದೂ ಇಲ್ಲದಷ್ಟು ಜೋರಾಗಿ ಬಂದರೆ, ಜೊತೆಗೆ ಮಾತು ತೊದಲಿದರೆ, ಕೈಕಾಲು ಸೋತರೆ ಅಕ್ಯುಪಂಕ್ಚರ್ ಅಲ್ಲ, ನೇರ ಆಸ್ಪತ್ರೆಗೆ.

ಈಗ ತಿಂಗಳಿಗೊಮ್ಮೆ ಹೋಗುತ್ತಿದ್ದೇನೆ. ರಾತ್ರಿಯ ಮಾತ್ರೆ ಮುಂದುವರಿದಿದೆ, ಅದನ್ನು ಬಿಡುವ ಯೋಚನೆ ತಜ್ಞರಿಗೂ ಇಲ್ಲ, ನನಗೂ ಇಲ್ಲ. ಪ್ರತಿವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ, ಮೌಲ್ಯಮಾಪನದ ಸಮಯದಲ್ಲಿ ನನ್ನ ನೋವು ಉಲ್ಬಣಿಸುತ್ತದೆ. ಈ ಸಲ ಫೆಬ್ರವರಿಯಿಂದಲೇ ವಾರಕ್ಕೊಮ್ಮೆ ಹೋಗುವುದೆಂದು ವೈದ್ಯೆಯೂ ನಾನೂ ಗೊತ್ತುಮಾಡಿಕೊಂಡಿದ್ದೇವೆ. ಅದರ ಫಲ ಏನಾಯಿತೆಂದು ಬೇಸಿಗೆ ರಜೆಯಲ್ಲಿ ಇಲ್ಲೇ ಸೇರಿಸುತ್ತೇನೆ.