ಒಂದು ದವಡೆ ಹಲ್ಲಿಗೆ ಎರಡು ಸಲ ಸರ್ವೆ

ಬಾಗಲಕೋಟೆ ನವನಗರದ ಈ ಹಲ್ಲಿನ ದವಾಖಾನೆಗೆ ನಾನು ಹೋದದ್ದು ಬೇರೆ ಕಡೆ ಕೆಟ್ಟ ಕೆಲಸ ಸರಿ ಮಾಡಿಸಲಿಕ್ಕೆ. ಹೋದ ವರ್ಷ ಮಗಳ ಊರಿಗೆ ಹೋದಾಗ ಎಡಗಡೆ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದೆ. ಕ್ಯಾಪಿನ ಅಳತೆಗೆ ಬಾಯೊಳಗೆ ಪುಟ್ಟ ಕ್ಯಾಮೆರಾ ಹಿಡಿದು, ‘ಡಿಜಿಟಲ್ ಸ್ಕ್ಯಾನ್ ಸರ್, ಕೂದಲೆಳೆಯಷ್ಟೂ ತಪ್ಪಲ್ಲ’ ಎಂದಿದ್ದರು. ತಪ್ಪಿತ್ತು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಏನು ತಿಂದರೂ ಕ್ಯಾಪಿನ ಬುಡದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಫ್ಲಾಸ್ ದಾರ ಹಾಕಿದರೆ ಎಳೆ ಎಳೆಯಾಗಿ ಹರಿದು ಬರುತ್ತಿತ್ತು. ನಾಲ್ಕೇ ತಿಂಗಳಿಗೆ ವಾಸನೆ.

ನಾನು ಸರ್ವೆ ಇಲಾಖೆಯಲ್ಲಿ 31 ವರ್ಷ ದುಡಿದವನು. ಆಲಮಟ್ಟಿ ಹಿನ್ನೀರಿನ ಮುಳುಗಡೆ ಜಮೀನು ಅಳೆದವನು. ಹಾಗಾಗಿ ಮಿಷನ್ ಮೇಲೆ ನನಗೆ ಸಿಟ್ಟಿರಲಿಲ್ಲ. ಅದನ್ನು ಹಿಡಿದ ಕೈ ಮೇಲೆ ಇತ್ತು.

ಇಲ್ಲಿನ ಡಾಕ್ಟರ್ ಬಾಯಿ (ನಮ್ಮ ಕಡೆ ಹಾಗೇ ಅನ್ನೋದು) ಹಳೇ ಕ್ಯಾಪ್ ಕೊಯ್ದು ತೆಗೆದರು. ಆದರೆ ಅವತ್ತೇ ಸ್ಕ್ಯಾನ್ ಮಾಡಲಿಲ್ಲ. ‘ಕಾಕಾ, ಒಸಡಿನ್ಯಾಗ ರಕ್ತ ಬರಾಕತ್ತೈತಿ. ಕ್ಯಾಮೆರಾಕ್ಕ ರಕ್ತ ಅಷ್ಟ ಕಾಣತೈತಿ, ಅದರ ಕೆಳಗಿನ ಹಲ್ಲಿನ ಅಂಚು ಕಾಣೂದಿಲ್ಲ. ಹತ್ತು ದಿನ ಬಿಟ್ಟು ಬರ್ರಿ’ ಎಂದು ತಾತ್ಕಾಲಿಕ ಕ್ಯಾಪ್ ಕೂರಿಸಿ ಕಳಿಸಿದರು. ಮೊದಲಿನವರು ಹಲ್ಲು ಕೊರೆದ ಹತ್ತೇ ನಿಮಿಷಕ್ಕೆ, ಬಾಯಿ ತುಂಬ ಜೊಲ್ಲು ಇರುವಾಗಲೇ ಸ್ಕ್ಯಾನ್ ಹಿಡಿದಿದ್ದರು!

ಎರಡನೇ ಸಲ ಹೋದಾಗ ಕೆನ್ನೆ ಒಳಗೆ ಹತ್ತಿ ಇಟ್ಟು, ಗಾಳಿ ಬಿಟ್ಟು ಹಲ್ಲು ಒಣಗಿಸಿದರು. ಒಂದು ತೆಳ್ಳನೆ ದಾರವನ್ನು ಹಲ್ಲಿನ ಸುತ್ತ ಒಸಡಿನ ಸಂದಿಗೆ ಮೆಲ್ಲಗೆ ತುರುಕಿದರು. ಒಸಡು ಸರಿದು ಅಂಚು ಬಯಲಾಗಲಿ ಅಂತ. ಬಾಂದುಕಲ್ಲು ಕಾಣಲಿ ಎಂದು ನಾವು ಜಾಲಿಕಂಟಿ ಸವರುತ್ತಿದ್ದೆವಲ್ಲ, ಥೇಟ್ ಹಾಗೇ. ಕುರ್ಚಿ ಮೇಲಿನ ದೊಡ್ಡ ದೀಪವನ್ನೂ ಆರಿಸಿದರು. ಅದರ ಬೆಳಕು ಸ್ಕ್ಯಾನರಿಗೆ ಅಡ್ಡ ಬರುತ್ತದಂತೆ. ಮೊದಲು ಜಗಿಯುವ ಮೇಲ್ಭಾಗ, ಆಮೇಲೆ ನಾಲಿಗೆ ಕಡೆ, ಕೊನೆಗೆ ಕೆನ್ನೆ ಕಡೆ. ಕೈ ಎಲ್ಲೂ ಜಿಗಿಯಲಿಲ್ಲ. ಪಕ್ಕದ ಹಲ್ಲಿನ ಹಳೇ ಬೆಳ್ಳಿ ಫಿಲ್ಲಿಂಗ್ ಹೊಳೆಯುತ್ತಿದ್ದರಿಂದ ಅಲ್ಲಿ ಚಿತ್ರ ಒಡೆಯುತ್ತಿತ್ತು. ಆ ತುಂಡನ್ನಷ್ಟೇ ಅಳಿಸಿ, ಕೋನ ಬದಲಿಸಿ ಮತ್ತೆ ಹಿಡಿದರು. ಪರದೆ ನನಗೂ ಕಾಣುವಂತೆ ತಿರುಗಿಸಿದ್ದರು. ನನ್ನ ಹಲ್ಲಿನ ನಕಾಶೆ!

ಈ ಯಂತ್ರ ಚಿಕ್ಕ ಚಿಕ್ಕ ಚಿತ್ರ ತೆಗೆದು, ಒಂದರ ಮೇಲೊಂದು ಕೂರಿಸಿ ಜೋಡಿಸುತ್ತದೆ. ಜೋಡಿಸಿದಲ್ಲೆಲ್ಲ ತಪ್ಪು ಸೇರಬೇಕಲ್ವಾ ಅಂತ ಕೇಳಿದೆ. ಹೌದಂತೆ. ಒಂದೆರಡು ಹಲ್ಲಿಗೆ ಏನೂ ಅನ್ನಿಸುವುದಿಲ್ಲ, ಇಡೀ ದವಡೆ ಅಳೆದರೆ ಆ ತುದಿಗೆ ಹೋಗುವಷ್ಟರಲ್ಲಿ ಜಾಸ್ತಿಯಾಗುತ್ತದೆ. ನಮ್ಮ 33 ಅಡಿ ಸರಪಳಿಯೂ ಅಷ್ಟೇ. ಒಂದು ಸಲಕ್ಕೆ ಅರ್ಧ ಇಂಚು ಜಾರಿದರೆ 40 ಸರಪಳಿಗೆ 20 ಇಂಚು. ಆದರೆ ಇವರ ಲೆಕ್ಕ ಮೈಕ್ರಾನಿನಲ್ಲಿ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಕ್ಯಾಪಿಗೂ ಹಲ್ಲಿಗೂ ನಡುವಿನ ಸಂದು 120 ಮೈಕ್ರಾನ್ ದಾಟಬಾರದು ಅಂತ ಸಾಮಾನ್ಯವಾಗಿ ಹಿಡಿಯುತ್ತಾರಂತೆ. ಇಡೀ ದವಡೆಗೆ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಬೇರು) ಹಾಕುವಾಗ ತಾವು ಸ್ಕ್ಯಾನನ್ನೇ ನಂಬಿ ಕೂರಲ್ಲ, ಪೇಸ್ಟಿನ ಅಚ್ಚೂ ತೆಗೆಯುತ್ತೇವೆ ಎಂದರು. ನನಗೆ ಆ ಮಾತಿನಿಂದಲೇ ನಂಬಿಕೆ ಬಂತು.

ವಾರದ ನಂತರ ಜಿರ್ಕೋನಿಯಾ (ಪಿಂಗಾಣಿಯಂಥ ಗಟ್ಟಿ ಬಿಳಿ ವಸ್ತು) ಕ್ಯಾಪ್ ಬಂತು. ನೀಲಿ ಕಾಗದ ಕಚ್ಚಿಸಿ ನೋಡಿ, ಒಂದೇ ಕಡೆ ಚೂರು ಉಜ್ಜಿದರು. ಒಟ್ಟು 8,500 ರೂಪಾಯಿ. ಫ್ಲಾಸ್ ಈಗ ಟಕ್ ಅಂತ ಇಳಿದು ಹಾಗೇ ವಾಪಸ್ ಬರುತ್ತದೆ. ಕಡಕ್ ರೊಟ್ಟಿಯನ್ನೂ ಎಡಗಡೆಯೇ ಅಗಿಯುತ್ತೇನೆ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಕಾಯಿಸಿದ್ದಕ್ಕೆ. ಅಪಾಯಿಂಟ್‌ಮೆಂಟ್ ಕೊಟ್ಟೂ ಒಂದೂವರೆ ತಾಸು ಸುಮ್ನೆ ಕೂರಿಸಿದರು. ಲಿಫ್ಟ್ ಕೂಡ ಇಲ್ಲ. ಮೆಟ್ಟಿಲು 34, ಎಣಿಸಿದ್ದೇನೆ.