ಮಳೆಗಾಲದ ಮಲೆನಾಡಿನಲ್ಲಿ ರೋಟಾಹೇಲರ್

ಉಬ್ಬಸದವರು ಪುಡಿ ಔಷಧಿಯ ಕ್ಯಾಪ್ಸೂಲ್ ಹಾಕಿ, ತಿರುಗಿಸಿ, ಸೇದುವ ಸಾಧನ ರೋಟಾಹೇಲರ್ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಔಷಧಿ ಚಿಮ್ಮಿಸುವ ಪಂಪಿನ ಹಾಗೆ ಒತ್ತುವುದನ್ನೂ ಉಸಿರೆಳೆಯುವುದನ್ನೂ ಒಟ್ಟಿಗೆ ಹೊಂದಿಸುವ ಕಷ್ಟವಿಲ್ಲ. ಒಳಗೆ ಪುಡಿ ಉಳಿದಿದ್ದರೆ ಹೊರಗಿಂದಲೇ ಕಾಣುತ್ತದೆ, ಇದು ದೊಡ್ಡ ಗುಣ. ಆದರೂ ಆಗುಂಬೆ, ಹೊಸನಗರದ ಕಡೆ ಮಳೆ ಹಿಡಿದ ಮೇಲೆ 'ಈ ಔಷಧಿ ನಾಟಲಿಲ್ಲ' ಎಂದು ಮೂಲೆಗಿಡುವವರಿದ್ದಾರೆ.

ಎಷ್ಟೋ ಸಲ ಕೆಟ್ಟಿರುವುದು ಪುಡಿ. ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಬೆರೆತ ಈ ನುಣುಪು ಪುಡಿ ತೇವ ಹೀರಿ ಗಂಟುಕಟ್ಟುತ್ತದೆ. ಗಂಟಾದದ್ದು ಗಂಟಲಲ್ಲೇ ಕೂರುತ್ತದೆ, ಶ್ವಾಸನಾಳದ ಸಣ್ಣ ಕವಲುಗಳಿಗೆ ಇಳಿಯುವುದಿಲ್ಲ. ನಾಲ್ಕು ಕ್ಯಾಪ್ಸೂಲ್ ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಬೇಡಿ, ಬಾಟಲಿಯ ಮುಚ್ಚಳ ಸಡಿಲ ಬಿಡಬೇಡಿ. ಬೆಚ್ಚಗಿರಲೆಂದು ಒಲೆಯ ಮೇಲಿನ ಹಲಗೆಯಲ್ಲಿಟ್ಟರೆ ಕಾವಿಗೆ ಕವಚ ಪೆಡಸಾಗಿ ಚೂರಾಗುತ್ತದೆ.

ಬಳಸುವ ಕ್ರಮ: ಒಣಗಿದ ಕೈಯಲ್ಲಿ ಕ್ಯಾಪ್ಸೂಲಿನ ಪಾರದರ್ಶಕ ತುದಿ ಒಳಮುಖವಾಗಿರುವಂತೆ ಚೌಕಾಕಾರದ ತೂತಿಗೆ ಪೂರ್ತಿ ಒತ್ತಿ, ಬುಡವನ್ನು ತಿರುಗಿಸಿ. ಮುಖ ಆಚೆ ತಿರುಗಿಸಿ ಉಸಿರು ಬಿಡಿ. ಸಾಧನದೊಳಗೆ ಊದಿದರೆ ಬಾಯಿಯ ತೇವಕ್ಕೇ ಪುಡಿ ಅಂಟುತ್ತದೆ. ತುಟಿ ಬಿಗಿದು ಜೋರಾಗಿ, ಆಳವಾಗಿ ಎಳೆದು 10 ಸೆಕೆಂಡ್ ಉಸಿರು ಹಿಡಿಯಿರಿ. ಪುಡಿ ಉಳಿದಿದ್ದರೆ ಮತ್ತೊಮ್ಮೆ ಸೇದಿ. ಕ್ಯಾಪ್ಸೂಲನ್ನು ಮಾತ್ರೆಯೆಂದು ನುಂಗುವವರೂ ಇದ್ದಾರೆ. ಅಂಗಡಿಯವರು ಕೊಡುವಾಗಲೇ ಒಮ್ಮೆ ಮಾಡಿ ತೋರಿಸಬೇಕು.

ಸಾಧನದಿಂದ ಪರಿಹಾರವಾಗದ ತೊಂದರೆ ಒಂದಿದೆ. ಇದೇ ರೋಟಾಹೇಲರಿನಲ್ಲಿ ಸೇದುವ ಸಾಲ್ಬುಟಮಾಲ್ ಕೆಲವೇ ನಿಮಿಷಗಳಲ್ಲಿ ಎದೆ ಹಗುರ ಮಾಡುತ್ತದೆ. ಬ್ಯುಡೆಸೊನೈಡ್ ಒಳಗಿನ ಬಾವು ಇಳಿಸುವಂಥದ್ದು; ಅದಕ್ಕೆ ದಿನಗಳು, ವಾರಗಳು ಬೇಕು, ಸೇದಿದ ಕೂಡಲೇ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಜನ ಮೊದಲನೆಯದನ್ನು ನಂಬಿ ಎರಡನೆಯದನ್ನು ಬಿಡುತ್ತಾರೆ. ದೀಪಾವಳಿ ಹೊತ್ತಿಗೆ ಉಸಿರು ಸರಾಗವಾಯಿತೆಂದು ನಿಲ್ಲಿಸಿದರೆ, ಅಡಿಕೆ ಸುಲಿಯುವ ಧೂಳು, ಬೇಯಿಸುವ ಒಲೆಯ ಹೊಗೆ ಶುರುವಾದಾಗ ಉಬ್ಬಸ ಮರಳುತ್ತದೆ. ಬ್ಯುಡೆಸೊನೈಡ್ ಚಟ ಹಿಡಿಸುವ ಔಷಧಿಯಲ್ಲ. ಬಾಯಲ್ಲಿ ಬಿಳಿ ಅಗ್ರ ಬಾರದಿರಲು ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗಿದರೆ ಸಾಕು.

ಪುಟ್ಟ ಮಕ್ಕಳಿಗೆ, ಜೋರಾಗಿ ಸೇದಲಾಗದವರಿಗೆ ರೋಟಾಹೇಲರ್ ಬೇಡ. ಅವರಿಗೆ ಸ್ಪೇಸರ್ (ಔಷಧಿಯನ್ನು ಹಿಡಿದಿಟ್ಟು ಬಾಯಿಗೆ ಕೊಡುವ ಕೊಳವೆ) ಜೋಡಿಸಿದ ಪಂಪೇ ಸರಿ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ದಮ್ಮು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಉಳಿದವರು ಒಂದರ ಬದಲು ಎರಡು ರೋಟಾಹೇಲರ್ ಕೊಳ್ಳಿ. ವಾರಕ್ಕೊಮ್ಮೆ ತೊಳೆದದ್ದು ಜುಲೈನಲ್ಲಿ ಬೆಳಗಾಗುವುದರೊಳಗೆ ಒಣಗುವುದಿಲ್ಲ, ಒದ್ದೆಯದರಲ್ಲಿ ಸೇದಿದರೆ ಪುಡಿ ಗೋಡೆಗೆ ಮೆತ್ತಿಕೊಳ್ಳುತ್ತದೆ.